ದುಡಿ ಪಾಟ್ ರೆಕಾರ್ಡಿಂಗ್ ಪೇಪರ್: ಒಕ್ಕದ ಹೆಸರು ಏನು ಮಾಡಲಿ?

ವಿರಾಜಪೇಟೆಯವ:
ಮ್ಯೂಸಿಕ್ ಪ್ರೊಡಕ್ಷನ್ ಕಾನ್ಫರೆನ್ಸ್‌ಗೆ ಪೇಪರ್ ಕಳಿಸುತ್ತಿದ್ದೇನೆ. ನಮ್ಮ ಐನ್‌ಮನೆಯಲ್ಲಿ, ಅಂದರೆ ಮನೆತನದ ಮೂಲಮನೆಯಲ್ಲಿ, ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಕೊಡವ ಹಾಡು ಹಾಡಿದ್ದನ್ನು ರೆಕಾರ್ಡ್ ಮಾಡಿದ್ದೇನೆ. ಒಬ್ಬೊಬ್ಬರ ಮುಂದೆ ಒಂದೊಂದು ಮೈಕ್. ದುಡಿಯ ಪೆಟ್ಟು ದನಿಯನ್ನೇ ನುಂಗಿಬಿಡುತ್ತದೆ. ರಿವ್ಯೂ ಡಬಲ್ ಬ್ಲೈಂಡ್, ಅಂದರೆ ಬರೆದವರು ಯಾರು, ರಿವ್ಯೂ ಮಾಡುವವರು ಯಾರು ಅಂತ ಪರಸ್ಪರ ಗೊತ್ತಾಗಬಾರದು. ಹಾಡಿದವರೆಲ್ಲ ನಮ್ಮ ಒಕ್ಕದವರೇ, ಅಂದರೆ ಒಂದೇ ಮನೆತನ, ಒಂದೇ ಮನೆಹೆಸರು. ಅವರ ಹೆಸರು ಬರೆದರೆ ನಾನ್ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಹಾಗಂತ ಬಿಡೋಕೆ ಮನಸ್ಸಿಲ್ಲ. ಹಾಡು ಅವರದು.

ರಿವ್ಯೂ ಮಾಡುವವಳು:
ಸದ್ಯಕ್ಕೆ ‘ಗಾಯಕ 1’, ‘ಗಾಯಕ 2’ ಅಂತ ಬರೆಯಿರಿ. ಪೇಪರ್ ಒಪ್ಪಿಗೆಯಾದ ಮೇಲೆ ಅಂತಿಮ ಪ್ರತಿಯಲ್ಲಿ ಅವರನ್ನು ಕೇಳಿ ಎಲ್ಲರ ಹೆಸರೂ ಹಾಕಿ. ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲೂ ಲೇಖಕರ ಹೆಸರು ಉಳಿದಿರುತ್ತದೆ, ಅಳಿಸಿ. ಇನ್ನೊಂದು ಮಾತು. ಯಾವ ಮೈಕ್ ಎಲ್ಲಿಟ್ಟೆ ಅಂತ ಸುಮ್ನೆ ವಿವರಿಸಿದರೆ ಅದು ಬರೀ ವರದಿ. ನಾನು ಮೊದಲು ಹುಡುಕುವುದು ಪ್ರಶ್ನೆಯನ್ನು. ದುಡಿ ಮತ್ತು ದನಿ ಒಂದೇ ಮೈಗೆ ಅಂಟಿಕೊಂಡಿರುವಾಗ ಎರಡನ್ನೂ ಹೇಗೆ ಹಿಡಿಯೋದು? ನಿಮ್ಮ ಪೇಪರ್ ಅಲ್ಲೇ ಇದೆ. ಅಬ್‌ಸ್ಟ್ರ್ಯಾಕ್ಟ್‌ನ ಮೊದಲ ಸಾಲಲ್ಲೇ ಹೇಳಿ.

ಮಡಿಕೇರಿ ಹುಡುಗ:
ಅಣ್ಣಾ, ಆಡಿಯೋಗೆ ನಿಮ್ಮ ಡ್ರೈವ್ ಲಿಂಕ್ ಕೊಡಬೇಡಿ, ಖಾತೆಯ ಹೆಸರು ಕಾಣಬಹುದು. ಪೋರ್ಟಲ್‌ಗೇ ಅಪ್‌ಲೋಡ್ ಮಾಡಿ. ಈ ಮಳೆಯಲ್ಲಿ ಕರೆಂಟ್ ನಂಬಿ ಕೊನೇ ದಿನದವರೆಗೆ ಕಾಯಬೇಡಿ.

ವಿರಾಜಪೇಟೆಯವ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಮೈಕನ್ನು ಬಾಯಿಯ ಮಟ್ಟಕ್ಕೆ ಏರಿಸಿದ ಟೇಕ್ ಕೂಡ ಇದೆ. ಎರಡನ್ನೂ ಹೋಲಿಸಿ ಬರೆಯುತ್ತೇನೆ.