ಪದ ಬೇಕು, ತುರ್ತು: ಮದರ್‌ಬೋರ್ಡಿನ ‘ಜಂಪರ್’ಗೆ ಕನ್ನಡದಲ್ಲಿ ಏನನ್ನೋಣ?

ಉದ್ಯಮಬಾಗ, ಬೆಳಗಾವಿಯಿಂದ. ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ.

ಸಂಜೆ 5ರೊಳಗೆ ಒಂದು ಪದ ಬೇಕು. ಸ್ಟಿಕರ್ ಅಚ್ಚಿಗೆ ಹೋಗಬೇಕು. ನಾಳೆ ಮುಂಜಾನೆ ಪ್ಯಾನೆಲ್ ಗಾಡಿ ಹತ್ತುತ್ತದೆ.

ನಮ್ಮದು ಕಂಟ್ರೋಲ್ ಪ್ಯಾನೆಲ್ ಕಟ್ಟುವ ಸಣ್ಣ ವರ್ಕ್‌ಶಾಪ್. ಈ ಸಲ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ತೂಕದ ಪ್ಯಾನೆಲ್ ಮಾಡಿದ್ದೇವೆ. ಒಳಗೆ ಕೂರುವುದು ಕೈಗಾರಿಕಾ ಕಂಪ್ಯೂಟರಿನ ಮದರ್‌ಬೋರ್ಡ್, 170 ಮಿ.ಮೀ. ಚೌಕದ್ದು. ಮನೆಯ ಕಂಪ್ಯೂಟರಿನ ಬೋರ್ಡಿನ ಹಾಗಲ್ಲ ಇದು. ಸೀರಿಯಲ್ ಪೋರ್ಟುಗಳು ಜಾಸ್ತಿ. ಪ್ಯಾನೆಲ್ಲಿನ 24 ವೋಲ್ಟ್ ಡಿಸಿಯನ್ನೇ ನೇರವಾಗಿ ಕೊಡಬಹುದು. ಅರ್ಧ ಸೆಟ್ಟಿಂಗ್ ಬಯೋಸ್ (ಬೋರ್ಡ್ ಶುರುವಾಗುವಾಗ ಮೊದಲು ಓಡುವ, ಅದರಲ್ಲೇ ಇರುವ ಪ್ರೋಗ್ರಾಂ) ಒಳಗೆ, ಉಳಿದರ್ಧ ಬೋರ್ಡಿನ ಮೇಲಿನ ಪಿನ್ನುಗಳಿಗೆ ಸಿಗಿಸುವ ಪುಟಾಣಿ ಪ್ಲಾಸ್ಟಿಕ್ ತುಂಡುಗಳಲ್ಲಿ. ಅವೇ ಜಂಪರ್. ಒಳಗೊಂದು ತಗಡಿನ ಚೂರು ಇರುತ್ತದೆ, ಪಕ್ಕಪಕ್ಕದ ಎರಡು ಪಿನ್ನನ್ನು ಕೂಡಿಸುತ್ತದೆ, ಅಷ್ಟೇ ಅದರ ಕೆಲಸ.

ಪ್ಯಾನೆಲ್ ಬಾಗಿಲ ಒಳಗಡೆ ಅಂಟಿಸೋಕೆ ಕನ್ನಡದಲ್ಲಿ ಸೂಚನೆ ಕೇಳಿದ್ದಾರೆ. ನಿನ್ನೆ ನಾನು ಬರೆದದ್ದು ಹೀಗಿತ್ತು: ‘ಮೊದಲು ಮೇನ್ ಆಫ್ ಮಾಡಿ. ನಂತರ ಜಂಪರ್ ತೆಗೆಯಿರಿ. ಹತ್ತು ಸೆಕೆಂಡ್ ಕಾಯಿರಿ. ಮತ್ತೆ ಜಂಪರ್ ಹಾಕಿಕೊಳ್ಳಿ.’

ವೈರಿಂಗ್ ಟೇಬಲ್ಲಿನ ಹೆಣ್ಣುಮಕ್ಕಳಿಗೆ ಓದಿ ಹೇಳಿದೆ. ಒಬ್ಬಾಕೆ ಎದ್ದು ಹೊರಗೆ ಹೋದಳು, ನಗೋಕೆ. ಉಳಿದವರು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟರು. ನಮ್ಮ ಕಡೆ ಜಂಪರ್ ಅಂದ್ರೆ ಏನು ಅಂತ ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ. ರವಿಕೆ ಕಣ್ರೀ, ರವಿಕೆ.

ಹಾಗಾಗಿ ಆ ಪದ ಆಗೋದಿಲ್ಲ. ಬೇರೆ ಕೊಡಿ. ಚಿಕ್ಕದಿರಲಿ, ಸ್ಟಿಕರ್ ಅಂಗೈ ಅಗಲದ್ದು.

ಮಾಸ್ತರು, ಬಾಗಲಕೋಟೆ. 10:05

ಲಂಘಕ. ‘ಲಂಘನ’ ಗೊತ್ತಿರುವವರಿಗೆ ಅರ್ಥವಾಗುತ್ತದೆ. ಮದರ್‌ಬೋರ್ಡ್ ಅಂತಲೂ ಬರೆಯಬೇಡಿ, ಮಾತೃಫಲಕ.

ಉದ್ಯಮಬಾಗ. 10:11

ಮಾಸ್ತರ, ಲಂಘಕ ಅಂತ ಬರೆದರೆ ಬಾಗಿಲಿಗೆ ಹನುಮಪ್ಪನ ಚಿತ್ರ ಹಚ್ಚಿ ಊದಿನಕಡ್ಡಿ ಚುಚ್ಚುತ್ತಾರೆ. ರಾತ್ರಿ ಪಾಳಿಯ ಎಲೆಕ್ಟ್ರಿಷಿಯನ್ ಓದಬೇಕು ಅದನ್ನ.

ಬೆಂಗಳೂರು, ಬಯಲಿನಿಂದ. 10:30

ಲಂಘಕವೂ ಬೇಡ, ಮಾತೃಫಲಕವೂ ಬೇಡ. ನಮ್ಮದೇ ನುಡಿಯಲ್ಲಿ ‘ತಾಯಿಹಲಗೆ’ ಇದೆ. ಜಂಪರ್‌ಗೆ ‘ನೆಗೆಕ’. ನೆಗೆ ಎಂಬ ಎಸಕಪದಕ್ಕೆ ‘ಕ’ ಹಚ್ಚಿದರೆ ಆಯಿತು. ಸಕ್ಕದವನ್ನು ಬಿಟ್ಟು ಕನ್ನಡದ ಬೇರಿನಿಂದ ಕಟ್ಟುವುದನ್ನು ನಾವು ಯಾವಾಗ ಕಲಿಯೋದು? ಎರವಲು ಜಾಸ್ತಿ ಆಯಿತು. ನನ್ನ ತಕರಾರು ಇಷ್ಟೇ.

ಗುಳೇದಗುಡ್ಡದ ಅಕ್ಕ. 10:52

ಹಲಗೆ ಅಂತೀರಲ್ಲ ತಮ್ಮಾ, ಅದು ಫಲಕದ ತದ್ಭವ. ಮಾಸ್ತರ ಅಂಗಿ ಕಳಚಿ ನೀವು ಹಾಕ್ಕೊಂಡ್ರಿ, ಅಷ್ಟೇ. ಸಾಲಿಯೊಳಗ ಫಲಕ-ಹಲಗೆ ಅಂತ ಬಾಯಿಪಾಠ ಮಾಡಿಸಿದ್ರು ನಮಗೆ.

ಇನ್ನೊಂದು. ಬಾಗಲಕೋಟೆಯಲ್ಲಿ ಹಲಗಿ ಅಂದ್ರೆ ಹೋಳಿಗೆ ಬಡಿಯೋದು. ‘ತಾಯಿಹಲಗಿ’ ಅಂತ ಬರೆದು ಕಳಿಸಿದರೆ ಅಲ್ಲಿನ ಹುಡುಗರು ಬಣ್ಣದ ಬಂಡಿ ಕಟ್ಟಿಕೊಂಡು ಬರ್ತಾರೆ. ಮದರ್‌ಬೋರ್ಡ್ ಅಂತಲೇ ಬಿಡಿ. ಕಾರ್ಖಾನೆಯಲ್ಲಿ ಬೋರ್ಡ್ ಅಂದ್ರೂ ಸಾಕು.

ಜಂಪರ್ ವಿಷಯ. ನಮ್ಮವ್ವ ಕುಪ್ಪಸ ಅಂತಿದ್ದಳು, ಖಣದ ಕುಪ್ಪಸ. ಜಂಪರ್ ಬಂದದ್ದು ಹೊಲಿಗೆ ಮಷಿನ್ ಇಟ್ಟ ಟೇಲರುಗಳ ಬಾಯಲ್ಲಿ. ಈಗ ಕುಪ್ಪಸ ಅಂದ್ರೆ ನಮ್ಮ ಮನೆ ಹುಡುಗಿಯರೇ ನಗ್ತಾರೆ. ಒಂದು ಪದ ಹೋಗಿ ಇನ್ನೊಂದು ಕೂತಿತು, ಈಗ ಕೂತದ್ದನ್ನೂ ನೀವು ಎಬ್ಬಿಸಬೇಕು ಅಂತೀರಿ. ಎಬ್ಬಿಸಬೇಡಿ, ಅದು ನಮ್ಮದು. ನಿಮ್ಮ ಬೋರ್ಡಿಗೆ ಬೇರೆ ಹುಡುಕಿರಿ.

ವಿಜಯಪುರ. 11:20

ಇಲ್ಲಿ ಒಂದು ಸ್ವಾರಸ್ಯ ಇದೆ, ಯಾರೂ ಹೇಳಲಿಲ್ಲ.

ತೊಡುವ ಜಂಪರ್‌ಗೂ ಜಿಗಿಯುವ ಜಂಪ್‌ಗೂ ಸಂಬಂಧವೇ ಇಲ್ಲ. ಇಂಗ್ಲಿಷಿನಲ್ಲಿ ಸಡಿಲ ಅಂಗಿಗೆ ‘ಜಂಪ್’ ಅನ್ನುವ ಹಳೆ ಮಾತಿತ್ತು. ಅದು ಫ್ರೆಂಚಿನ ‘ಜೂಪ್’ನಿಂದ ಬಂದಿರಬೇಕು ಅಂತ ನಿಘಂಟುಕಾರರು ಹೇಳ್ತಾರೆ. ಜೂಪ್ ಬಂದದ್ದು ಅರಬ್ಬಿಯ ‘ಜುಬ್ಬ’ದಿಂದ. ಅದೇ ಅರಬ್ಬಿ ಪದ ಇನ್ನೊಂದು ದಾರಿ ಹಿಡಿದು, ಪಾರಸಿ, ಉರ್ದು ದಾಟಿ ನಮ್ಮಲ್ಲಿ ಜುಬ್ಬಾ ಆಯಿತು. ಅಂದ್ರೆ ಗಂಡ ಹಾಕಿದ ಜುಬ್ಬಾ, ಹೆಂಡತಿ ಹಾಕಿದ ಜಂಪರ್ ಒಂದೇ ಮನೆತನದವು. ಒಂದು ನಮ್ಮ ಆದಿಲ್‌ಶಾಹಿ ಊರಿನ ದಾರಿಯಿಂದ ಬಂತು, ಇನ್ನೊಂದು ಹಡಗು ಹತ್ತಿ ಸುತ್ತು ಹಾಕಿ ಬಂತು.

ಬೋರ್ಡಿನ ಜಂಪರ್ ಮಾತ್ರ ಜಿಗಿಯೋದೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಿಸಿ ಕಟ್ಟುವ ತಂತಿಗೆ ಆ ಹೆಸರು. ಕಂಬದ ಮೇಲೆ ಲೈನ್‌ಮನ್ ‘ಜಂಪ್ ಕಟ್ ಆಗೈತಿ’ ಅಂತಾನಲ್ಲ, ಅದು ಇದೇ.

ಹಾಗಾಗಿ ‘ನೆಗೆಕ’ ಅನ್ನೋರು ಇಂಗ್ಲಿಷಿನವನ ರೂಪಕವನ್ನೇ ಕನ್ನಡದ ಅಂಗಿ ತೊಡಿಸಿ ತರ್ತಾ ಇದ್ದಾರೆ. ಅದೂ ಎರವಲೇ. ಮತ್ತೆ ‘ತಕರಾರು’ ಅರಬ್ಬಿ. ‘ಜಾಸ್ತಿ’ಯೂ ಆ ಕಡೆಯದೇ. ಎರವಲು ಬೇಡ ಅಂತ ಬರೆದ ಮಾತಿನಲ್ಲೇ ಎರಡು.

ಬೆಂಗಳೂರು. 11:31

ಮಾತಿನಲ್ಲಿ ಬಂದಿತು. ಅದನ್ನು ಹಿಡಿದು ಜಗ್ಗುವುದು ವಾದವಲ್ಲ.

ಮಾಸ್ತರು, ಬಾಗಲಕೋಟೆ. 11:40

ಮಾತಿನಲ್ಲಿ ಬರೋದೇ ಭಾಷೆ. ಅದು ಬಿಟ್ಟು ಇನ್ನೇನಿದೆ?

‘ನೆಗೆಕ’ ಯಾವ ವ್ಯಾಕರಣದ್ದು? ಧಾತುವಿಗೆ ಬೇಕಾದ ಹಾಗೆ ಪ್ರತ್ಯಯ ಹಚ್ಚೋಕೆ ಅದು ಬೀಡಾ ಸುಣ್ಣ ಅಲ್ಲ.

ಉದ್ಯಮಬಾಗ. 12:15

ಜಗಳ ಚೆನ್ನಾಗಿದೆ. ನನ್ನ ಸ್ಟಿಕರ್ ಇನ್ನೂ ಖಾಲಿ ಇದೆ.

ನಮ್ಮ ಹುಡುಗರನ್ನು ಕೇಳಿದೆ, ನೀವೇನಂತೀರಿ ಅಂತ. ಇಬ್ಬರು ‘ಟೊಪ್ಪಿಗಿ’ ಅಂದರು. ಪಿನ್ನಿನ ತಲೆಗೆ ಕೂರುತ್ತದಲ್ಲ, ಅದಕ್ಕೆ. ಒಬ್ಬ ‘ಕ್ಯಾಪ್’ ಅಂದ. ಊಟದ ಡಬ್ಬಿ ಬಿಚ್ಚುತ್ತಿದ್ದ ನಮ್ಮ ಹಿರಿಯ ಫಿಟ್ಟರ್ ‘ಕೊಂಡಿ’ ಅಂದು ಸುಮ್ಮನಾದರು. ಯಾವುದು?

ವಿಜಯಪುರ. 12:28

ಟೊಪ್ಪಿಗೆ ಬೇಡ. ‘ಟೊಪ್ಪಿಗೆ ಹಾಕಿ’ ಅಂತ ಗಿರಾಕಿಯ ಪ್ಯಾನೆಲ್ ಮೇಲೆ ಬರೆದು ಬಿಲ್ ಕಳಿಸ್ತೀರಾ? ‘ಕುಲಾವಿ’ ಅನ್ನಿ. ಕೂಸಿನ ತಲೆಗೆ ಹಾಕೋ ಟೊಪ್ಪಿಗೆ. ಪಾರಸಿಯ ‘ಕುಲಾಹ್’. ಮುದ್ದಾದ ಪದ.

ಗುಳೇದಗುಡ್ಡದ ಅಕ್ಕ. 12:34

ಎಲ್ಲಾ ಪಾರಸಿಯಿಂದ ಬಂದ್ರೆ ನಿಮಗೆ ಸಂತೋಷ. ಕುಂಚಿಗಿ, ಕುಲಾವಿ ಕೂಸಿಗೆ ಇರಲಿ.

ಕೊಂಡಿ ಸರಿ ಇದೆ. ಸರದ ಕೊಂಡಿ ನೆನಪು ಮಾಡಿಕೊಳ್ಳಿ. ಎರಡು ತುದಿ ಕೂಡಿಸೋದು, ಬೇಕಾದಾಗ ಕಳಚೋದು. ಈ ಪ್ಲಾಸ್ಟಿಕ್ ತುಂಡು ಮಾಡೋದೂ ಅದನ್ನೇ ಅಲ್ವಾ? ಜೊತೆಗೆ ಕ್ರಿಯಾಪದ ತಾನೇ ಬರ್ತದೆ: ಕೊಂಡಿ ಹಾಕು, ಕೊಂಡಿ ಕಳಚು. ನೆಗೆಕಕ್ಕೆ ಏನು ಮಾಡ್ತೀರಿ, ನೆಗೆಕ ನೆಗೆಸಿ?

ಬೆಂಗಳೂರು. 12:50

ಕೊಂಡಿಯನ್ನು ಮಿಂಬಲೆಯ ‘ಲಿಂಕ್’ಗೆ ಆಗಲೇ ಬಳಸಿಯಾಗಿದೆ. ಒಂದೇ ಅರಿಮೆಯಲ್ಲಿ ಒಂದು ಪದಕ್ಕೆ ಎರಡು ತಿರುಳು ಬಂದರೆ ಗೊಂದಲ.

ಮಾಸ್ತರು. 12:58

ಚೇಳಿಗೂ ಕೊಂಡಿ ಇದೆ. ಯಾರಿಗೂ ಗೊಂದಲ ಆಗಿಲ್ಲ. ಕುಟುಕಿದ್ದು ಚೇಳೋ ವೆಬ್‌ಸೈಟೋ ಅಂತ ಜನಕ್ಕೆ ಗೊತ್ತಾಗ್ತದೆ.

ಲಂಘಕ ಹಿಂದಕ್ಕೆ ತಗೊಂಡೆ. ಆದರೆ ಯಾರಾದರೂ ‘ಸೇತುಕೊಂಡಿ’ ಅಂತ ಬರೆದರೆ ಅರಿಸಮಾಸ ಅಂತ ಈಗಲೇ ಹೇಳಿರ್ತೇನೆ.

ಸರ್ವೀಸ್ ಕೆಲಸದವನು, ವಿಜಯಪುರ. 1:45

ನಾನು ಇಲ್ಲಿ ಬರೀ ಓದ್ತೀನಿ, ಬರೆಯೋದಿಲ್ಲ. ಆದರೆ ಇಂಥ ಪ್ಯಾನೆಲ್ ರಿಪೇರಿಗೆ ರಾತ್ರಿ ಹೋಗುವವನು ನಾನು, ಅದಕ್ಕೆ ನಾಲ್ಕು ಮಾತು.

ಬೋರ್ಡಿನ ಮೇಲೆ ಆ ತುಂಡುಗಳು ಒಂದೇ ಇರೋದಿಲ್ಲ. ಬ್ಯಾಟರಿ ಪಕ್ಕ ಇರೋದು ಬಯೋಸ್ ಸೆಟ್ಟಿಂಗ್ ಅಳಿಸೋಕೆ. ಕಾಮ್ ಪೋರ್ಟು, ಅಂದ್ರೆ ಸೀರಿಯಲ್ ಪೋರ್ಟಿನ ಹತ್ತಿರ ಇರೋದು ಆರ್‌ಎಸ್-232, 485 ಅನ್ನೋ ಎರಡು ಬಗೆಯ ಸಂಪರ್ಕದಲ್ಲಿ ಯಾವುದು ಬೇಕು ಅಂತ ಆರಿಸೋಕೆ. 485 ಲೈನಿನ ತುದಿಯಲ್ಲಿ 120 ಓಮ್ ರೆಸಿಸ್ಟರ್ ಸೇರಿಸೋಕೆ ಇನ್ನೊಂದು. ಪರದೆಗೆ 3.3 ವೋಲ್ಟೋ 5 ವೋಲ್ಟೋ ಅನ್ನೋದಕ್ಕೆ ಮತ್ತೊಂದು. ಈ ಕೊನೆಯದನ್ನು ತಪ್ಪಾಗಿ ಹಾಕಿದರೆ ಪರದೆ ಸುಡಬಹುದು. ನೀವು ಕೊಂಡಿ ಅನ್ನಿ, ಕುಲಾವಿ ಅನ್ನಿ, ರಾತ್ರಿ ಎರಡಕ್ಕೆ ಬಾಗಿಲು ತೆಗೆದವನಿಗೆ ಯಾವ ಕೊಂಡಿ ಅಂತ ಗೊತ್ತಾಗಬೇಕು. ಬಣ್ಣ ಬರೀರಿ. ಬೋರ್ಡಿನ ಮೇಲೆ ಏನು ಅಚ್ಚಾಗಿದೆಯೋ ಅದನ್ನೂ ಹಾಗೇ ಬರೀರಿ.

ಎರಡನೆಯದು. ಬರೀ ‘ಮೇನ್ ಆಫ್’ ಸಾಲದು. ಹೊರಗಿನ ಯುಪಿಎಸ್‌ನಿಂದ 24 ವೋಲ್ಟ್ ಬರ್ತಾ ಇದ್ರೆ ಮೇನ್ ಆಫ್ ಆದರೂ ಬೋರ್ಡ್ ಜೀವಂತ. ಬೋರ್ಡಿನ ಪವರ್ ಕನೆಕ್ಟರನ್ನೇ ಕೀಳಬೇಕು. ಮುಟ್ಟುವ ಮುಂಚೆ ಪ್ಯಾನೆಲ್ಲಿನ ಅರ್ಥ್ ಆದ ತಗಡು ಮುಟ್ಟಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸೆಟ್ಟಿಂಗ್ ಅಳಿಸಿದ ಮೇಲೆ ಎಲ್ಲವೂ ಕಂಪನಿಯಿಂದ ಬಂದ ಹಾಗೆ ಆಗ್ತದೆ. ಕರೆಂಟ್ ಹೋಗಿ ಬಂದಾಗ ತಾನೇ ಶುರು ಆಗು ಅಂತ ಬಯೋಸ್‌ನಲ್ಲಿ ಹೇಳಿದ್ದರೆ ಅದೂ ಹೋಯಿತು. ತಾರೀಖು, ಹೊತ್ತು ಹೋಯಿತು. ವಾಚ್‌ಡಾಗ್ ಹೋಯಿತು. ಮತ್ತೆ ಹಾಕಬೇಕಾದ್ದನ್ನು ಬರೆಯದಿದ್ದರೆ, ಮರುದಿನ ತೂಕದ ಚೀಟಿ ಮೇಲೆ ಯಾವುದೋ ಹಳೆ ವರ್ಷ ಅಚ್ಚಾಗಿ, ಕಬ್ಬು ತಂದ ರೈತರು ಕಾಟಾದ ಮುಂದೆ ನಿಂತಿರ್ತಾರೆ. ಒಂದು ಕಡೆ ನೋಡಿದ್ದೇನೆ ಅದನ್ನ. ಎಲ್ಲಿ ಅಂತ ಹೇಳಲ್ಲ.

ಉದ್ಯಮಬಾಗ. 2:10

ಅಣ್ಣಾ, ಬೆಳಿಗ್ಗೆಯಿಂದ ಕೇಳಬೇಕಾದ್ದು ಇದು. ನಮ್ಮ ಪ್ಯಾನೆಲ್ಲಿಗೆ ಯುಪಿಎಸ್ ಇದೆ, ಸ್ಟಿಕರ್‌ನಲ್ಲಿ ಬರೆಯೋದು ಮರೆತಿದ್ದೆ. ಬ್ಯಾಟರಿ ಪಕ್ಕದ್ದು ಹಳದಿ, ಪೋರ್ಟಿನವು ಕರಿ, ಪರದೆಯದು ಕೆಂಪು. ಬಣ್ಣ ಬರೀತೇನೆ.

ವಾಚ್‌ಡಾಗ್‌ಗೆ ಏನನ್ನೋಣ? ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಬೋರ್ಡನ್ನು ತಾನೇ ಮತ್ತೆ ಶುರು ಮಾಡಿಸುವ ಟೈಮರ್ ಅದು. ಕಾವಲುನಾಯಿ?

ಗುಳೇದಗುಡ್ಡದ ಅಕ್ಕ. 2:14

ಮುಧೋಳಕ್ಕೆ ಕಳಿಸ್ತಾ ಇದ್ದೀರಿ. ಅಲ್ಲಿಯವರಿಗೆ ನಾಯಿ ಅಂದ್ರೆ ಒಂದೇ ನಾಯಿ. ಪ್ಯಾನೆಲ್ ಒಳಗೆ ಎಲ್ಲಿ ಕಟ್ಟಿದ್ದೀರಿ ಅಂತ ಹುಡುಕ್ತಾರೆ. ‘ಕಾವಲು ಟೈಮರ್’ ಅನ್ನಿ.

ಬೆಂಗಳೂರು. 2:30

ಟೈಮರ್?

ಗುಳೇದಗುಡ್ಡದ ಅಕ್ಕ. 2:31

ಹೂಂ. ಟೈಮರ್.

ಬೆಂಗಳೂರು. 2:55

ಇದೇ ನನ್ನ ನೋವು. ಗಡಿಯಲ್ಲಿ ಕೂತವರು ನೀವು. ಮರಾಠಿ, ಉರ್ದು, ಇಂಗ್ಲಿಷ್ ಮೂರೂ ಕಡೆಯಿಂದ ಒತ್ತುತ್ತಿರುವಾಗ ನೀವೇ ಬಾಗಿಲು ತೆಗೆದಿಟ್ಟರೆ ಕನ್ನಡ ಎಲ್ಲಿ ಉಳಿಯಬೇಕು? 2014ರಲ್ಲಿ ಬೆಳಗಾವಿ, ವಿಜಯಪುರ ಅಂತ ಹೆಸರು ಸರಿ ಮಾಡಿಸಿಕೊಂಡಿರಿ. ಊರಿನ ಹೆಸರಿಗೆ ಇದ್ದ ಹಟ ಉಳಿದ ಪದಕ್ಕೆ ಯಾಕಿಲ್ಲ?

ಉದ್ಯಮಬಾಗ. 3:20

ಇದಕ್ಕೆ ಉತ್ತರ ಕೊಡದೆ ಸ್ಟಿಕರ್ ಕಳಿಸೋಣ ಅಂದ್ಕೊಂಡೆ, ಆಗಲಿಲ್ಲ.

ಸರ, ನಮ್ಮ ಮನೆ ಬೀಗಕ್ಕೆ ಚಾವಿ ಇದೆ. ಚಾವಿ ಪೋರ್ಚುಗೀಸರದು. ಪಲ್ಯ ಬಟಾಟಿಯದು, ಅದೂ ಅವರದೇ. ಕೂರೋದು ಖುರ್ಚಿ ಮೇಲೆ. ಇವುಗಳಲ್ಲಿ ಒಂದಕ್ಕಾದರೂ ನಾವು ಕನ್ನಡದ ಕೊನೆ ಅಕ್ಷರ, ಕನ್ನಡದ ವಿಭಕ್ತಿ ಹಚ್ಚದೆ ಬಿಟ್ಟಿದ್ದೇವಾ? ಚಾವಿಯಿಂದ, ಬಟಾಟಿಗೆ, ಖುರ್ಚಿಯೊಳಗ. ನಮ್ಮ ವೈರಿಂಗ್ ಟೇಬಲ್ಲಿನಲ್ಲಿ ಅರ್ಧ ಜನ ಮನೆಯಲ್ಲಿ ಮರಾಠಿ ಆಡ್ತಾರೆ, ಕೆಲಸದಲ್ಲಿ ಕನ್ನಡ. ಅವರು ಕನ್ನಡ ಬಿಟ್ಟು ಹೋಗೋದು ‘ಟೈಮರ್’ ಕೇಳಿ ಅಲ್ಲ, ‘ಎಸಕಪದ’ ಕೇಳಿ.

ನೀವು ಹೇಳಿದ್ದರಲ್ಲಿ ಒಂದು ಮಾತು ಒಪ್ತೇನೆ. ಸೂಚನೆ ಕನ್ನಡದಲ್ಲಿರಬೇಕು ಅಂತ ಗಿರಾಕಿ ಕೇಳದಿದ್ದರೆ ನಾನು ಇಂಗ್ಲಿಷಿನಲ್ಲೇ ಅಂಟಿಸ್ತಿದ್ದೆ. ಇಷ್ಟು ವರ್ಷ ಹಾಗೇ ಮಾಡಿದ್ದು. ಅದು ನನ್ನ ತಪ್ಪು.

ಮಾಸ್ತರು. 3:32

ಖುರ್ಚಿಯೊಳಗ ಅಲ್ಲ, ಖುರ್ಚಿಯಲ್ಲಿ.

ಉದ್ಯಮಬಾಗ. 4:40

ಅಚ್ಚಿಗೆ ಹೋಯಿತು. ಹೀಗಿದೆ:

‘ಬೋರ್ಡ್ ಮುಟ್ಟುವ ಮುಂಚೆ: ಮೇನ್ ಆಫ್ ಮಾಡಿ. ಯುಪಿಎಸ್ ಆಫ್ ಮಾಡಿ. ಬೋರ್ಡಿನ 24 ವೋಲ್ಟ್ ಕನೆಕ್ಟರ್ ಕೀಳಿ. ಪ್ಯಾನೆಲ್ ತಗಡು ಮುಟ್ಟಿ.

ಸೆಟ್ಟಿಂಗ್ ಅಳಿಸಲು: ಬ್ಯಾಟರಿ ಪಕ್ಕದ ಹಳದಿ ಕೊಂಡಿಯನ್ನು 1-2 ಪಿನ್‌ನಿಂದ ಕಳಚಿ 2-3 ಪಿನ್‌ಗೆ ಹಾಕಿ. 10 ಸೆಕೆಂಡ್ ಕಾಯಿರಿ. ಕೊಂಡಿಯನ್ನು ಮತ್ತೆ 1-2ಕ್ಕೆ ಹಾಕಿ. ಆಮೇಲೆ ಮಾತ್ರ ಕರೆಂಟ್ ಕೊಡಿ.

ಅಳಿಸಿದ ಮೇಲೆ ಬಯೋಸ್‌ನಲ್ಲಿ ಹಾಕಬೇಕಾದ್ದು: ತಾರೀಖು, ಹೊತ್ತು. ಕರೆಂಟ್ ಬಂದಾಗ ತಾನೇ ಶುರು. ಕಾವಲು ಟೈಮರ್ 60 ಸೆಕೆಂಡ್.

ಕೆಂಪು ಕೊಂಡಿ ಮುಟ್ಟಬೇಡಿ.’

ಕೆಳಗೆ ಬೋರ್ಡಿನ ಚಿತ್ರ, ಅದರ ಮೇಲೆ ಅಚ್ಚಾದ ಇಂಗ್ಲಿಷ್ ಗುರುತುಗಳು ಹಾಗೇ. ಟೇಬಲ್ಲಿನವರಿಗೆ ಓದಿ ಹೇಳಿದೆ. ಯಾರೂ ನಗಲಿಲ್ಲ. ಒಬ್ಬಾಕೆ ‘ಮುಟ್ಟಬೇಡಿ’ ಇನ್ನೂ ದಪ್ಪ ಅಕ್ಷರದಲ್ಲಿರಲಿ ಅಂದಳು. ಮಾಡಿಸಿದೆ.

ಬೆಂಗಳೂರು. 5:05

ಪಿನ್?

ವಿಜಯಪುರ. 5:20

ಜುಬ್ಬಾ ಬಗ್ಗೆ ಇನ್ನೂ ಒಂದು ಮಾತು ಉಳಿದಿತ್ತು. ಬೇರೆ ವಿಷಯ ಶುರು ಮಾಡಲಾ?