ಸಹಾಯ ಬೇಕು: 12 ಆರೋಗ್ಯ ಕೇಂದ್ರಗಳ ದತ್ತಾಂಶ ವಿಶ್ಲೇಷಣೆ

ಮಾನ್ಯರೇ, ವಿಜಯಪುರ ಜಿಲ್ಲೆಯ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ತಲಾ 20 ಗರ್ಭಿಣಿಯರಂತೆ ರಕ್ತಹೀನತೆ ಮತ್ತು ಕಬ್ಬಿಣಾಂಶದ ಮಾತ್ರೆ ಸೇವನೆಯ ಮಾಹಿತಿಯನ್ನು ನನ್ನ ಸ್ನಾತಕೋತ್ತರ ಪ್ರಬಂಧಕ್ಕಾಗಿ ಸಂಗ್ರಹಿಸಿದ್ದೇನೆ. ಒಂದೇ ಕೇಂದ್ರಕ್ಕೆ ಬರುವವರು ಊಟ, ನೀರು, ಆಶಾ ಕಾರ್ಯಕರ್ತೆಯ ಭೇಟಿ ಇವೆಲ್ಲದರಲ್ಲೂ ಪರಸ್ಪರ ಹೋಲುವುದರಿಂದ 240 ಮಂದಿಯನ್ನು 240 ಸ್ವತಂತ್ರ ಸಾಕ್ಷ್ಯಗಳೆಂದು ಎಣಿಸಲಾಗದು. ಕೇಂದ್ರದೊಳಗಿನ ಸಹಸಂಬಂಧ (ಒಂದೇ ಕೇಂದ್ರದವರು ಪರಸ್ಪರ ಹೋಲುವ ಪ್ರಮಾಣ) ಕೇವಲ 0.05 ಇದ್ದರೂ ವಿನ್ಯಾಸ ಪರಿಣಾಮ (ಈ ಹೋಲಿಕೆಯಿಂದ ಅಂದಾಜಿನ ಏರಿಳಿತ ಎಷ್ಟು ಪಟ್ಟಾಗುತ್ತದೆಂಬ ಅಳತೆ) 1.95 ಆಗಿ, ಅವರ ಮಾಹಿತಿಯ ಬಲ ಸುಮಾರು 123 ಮಂದಿಯಷ್ಟಕ್ಕೆ ಇಳಿಯುತ್ತದೆ. ಮಾದರಿ ಗಾತ್ರ ನಿಗದಿಪಡಿಸುವಾಗಲೇ ಜೀವಸಂಖ್ಯಾಶಾಸ್ತ್ರಜ್ಞರನ್ನು ಕೇಳಬೇಕಿತ್ತೆಂಬ ಬೇಸರ ನನಗಿದೆ. ಕೇಂದ್ರಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಬಹುಹಂತದ ಲಾಜಿಸ್ಟಿಕ್ ರಿಗ್ರೆಷನ್‌ಗೆ 12 ಕೇಂದ್ರಗಳು ಸಾಕೇ, ಅಥವಾ ಜಿಇಇ ವಿಧಾನ (ಗುಂಪಿನೊಳಗಿನ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿದು ಒಟ್ಟಾರೆ ಸರಾಸರಿ ಪರಿಣಾಮವನ್ನು ಅಂದಾಜಿಸುವ ಕ್ರಮ) ಬಳಸಿ, ಗುಂಪುಗಳು ಕಡಿಮೆಯಿದ್ದಾಗ ಪ್ರಮಾಣಿತ ದೋಷ (ಅಂದಾಜಿನ ಅನಿಶ್ಚಿತತೆಯ ಅಳತೆ) ನಿಜಕ್ಕಿಂತ ಚಿಕ್ಕದಾಗಿ ಕಾಣುವುದನ್ನು ಸರಿಪಡಿಸಿಕೊಳ್ಳಲೇ? ಆರ್ ತಂತ್ರಾಂಶದಲ್ಲಿ ಇದನ್ನು ಮಾಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ. ವಿಜಯಪುರ, ಬಾಗಲಕೋಟೆ ಕಡೆಯವರಾದರೆ ನಾನೇ ಬಂದು ಕಾಣುತ್ತೇನೆ.