1965ರ ಎಂಜಿಬಿ: ಡೈನಮೋ ತೆಗೆದು ಆಲ್ಟರ್ನೇಟರ್ ಹಾಕಿದ ಮೇಲೆ 3000 ಸುತ್ತು ಮುಟ್ಟುವವರೆಗೆ ಚಾರ್ಜ್ ಆಗುತ್ತಿಲ್ಲ

ಕೆಂಪುಗಾಡಿ ಕೇಳುತ್ತಾರೆ:

ಎಲ್ಲರಿಗೂ ನಮಸ್ಕಾರ. ನನ್ನ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ನಲ್ಲಿ, ಎಂಜಿನ್‌ನಿಂದ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ಮೂಲದ ಲ್ಯೂಕಸ್ ಸಿ40 ಡೈನಮೋ ಇತ್ತು. ರಾತ್ರಿ ಹೆಡ್‌ಲೈಟ್ ಹಾಕಿ ನಿಧಾನವಾಗಿ ಓಡಿಸಿದರೆ ಬ್ಯಾಟರಿ ಇಳಿಯುತ್ತಲೇ ಹೋಗುತ್ತಿತ್ತು. ಅದನ್ನು ತೆಗೆದು, ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ ಲ್ಯೂಕಸ್ 17ಎಸಿಆರ್ ಆಲ್ಟರ್ನೇಟರ್ ಹಾಕಿದ್ದೇನೆ. ಕಾರು ಪಾಸಿಟಿವ್ ಅರ್ಥ್ ಆಗಿತ್ತು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಮೈಗೆ ಸೇರಿತ್ತು. ಮೊದಲು ಬ್ಯಾಟರಿಗಳನ್ನು ತಿರುಗಿಸಿ ನೆಗೆಟಿವ್ ಅರ್ಥ್‌ಗೆ ಬದಲಾಯಿಸಿ, ಇಗ್ನಿಷನ್ ಕಾಯಿಲ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿದೆ. ಡೈನಮೋವನ್ನು ನಿಯಂತ್ರಿಸುತ್ತಿದ್ದ ಹಳೆಯ ಆರ್‌ಬಿ340 ಕಂಟ್ರೋಲ್ ಬಾಕ್ಸ್‌ನ ಒಳಗಿನದನ್ನೆಲ್ಲ ತೆಗೆದು, ಅದನ್ನು ಬರೀ ವೈರ್ ಸೇರಿಸುವ ಜಾಗವನ್ನಾಗಿ ಉಳಿಸಿಕೊಂಡಿದ್ದೇನೆ. ಡೈನಮೋದ ಡಿ ತುದಿಯಿಂದ ಬರುತ್ತಿದ್ದ ದಪ್ಪ ಕಂದು-ಹಳದಿ ವೈರನ್ನು ಬ್ಯಾಟರಿ ಕಡೆಯ ಬಿ ತುದಿಗಳ ಕಂದು ವೈರ್‌ಗಳಿಗೆ ಸೇರಿಸಿದೆ. ಎಫ್ ತುದಿಯ ಕಂದು-ಹಸಿರು ವೈರನ್ನು ಎಚ್ಚರಿಕೆ ದೀಪದ ತುದಿಯಾದ ಡಬ್ಲ್ಯುಎಲ್‌ನ ತೆಳು ಕಂದು-ಹಳದಿ ವೈರ್‌ಗೆ ಸೇರಿಸಿ ಆಲ್ಟರ್ನೇಟರ್‌ನ ಸಣ್ಣ ತುದಿಗೆ, ಅಂದರೆ ಐಎನ್‌ಡಿಗೆ, ಕೊಟ್ಟಿದ್ದೇನೆ.

ಕೀ ತಿರುಗಿಸಿದರೆ ಚಾರ್ಜ್‌ನ ಕೆಂಪು ಎಚ್ಚರಿಕೆ ದೀಪ ಚೆನ್ನಾಗಿ ಹೊತ್ತುತ್ತದೆ. ಎಂಜಿನ್ ಶುರುವಾದ ಮೇಲೂ ಆರುವುದಿಲ್ಲ. ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 3000 ಸುತ್ತು ದಾಟಿಸಿದರೆ ಒಮ್ಮೆಗೇ ಆರುತ್ತದೆ, ಆಮೇಲೆ ಐಡಲ್‌ಗೆ ಇಳಿಸಿದರೂ ಮತ್ತೆ ಹೊತ್ತುವುದಿಲ್ಲ. ಅಷ್ಟಾದ ಮೇಲೂ ಬ್ಯಾಟರಿಯಲ್ಲಿ 13 ವೋಲ್ಟ್‌ಗಿಂತ ಹೆಚ್ಚು ಸಿಗುತ್ತಿಲ್ಲ. ಆಲ್ಟರ್ನೇಟರ್ ಹೊಸದಾಗಿ ರಿಪೇರಿ ಮಾಡಿ ಮಾರಿದ್ದು. ಹಿಂದಿರುಗಿಸಲೇ?

ತಾಮ್ರದತಂತಿ ಉತ್ತರಿಸುತ್ತಾರೆ:

ದಯವಿಟ್ಟು ಹಿಂದಿರುಗಿಸಬೇಡಿ. ನೀವು ಬರೆದ ಲಕ್ಷಣಗಳಲ್ಲಿ ಆಲ್ಟರ್ನೇಟರ್‌ನ ತಪ್ಪು ಒಂದೂ ಕಾಣುತ್ತಿಲ್ಲ. ಇಲ್ಲಿ ಎರಡು ತೊಂದರೆ ಇರುವಂತಿದೆ, ಅವೆರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ.

ಮೊದಲು ದೀಪದ ವಿಷಯ. ಡೈನಮೋ ಇದ್ದಾಗ ಆ ಕೆಂಪು ದೀಪದ ಕೆಲಸ ಸುದ್ದಿ ಹೇಳುವುದು ಮಾತ್ರ. ಬಲ್ಬ್ ಸುಟ್ಟರೂ ಡೈನಮೋ ಚಾರ್ಜ್ ಮಾಡುತ್ತಿತ್ತು. ಆಲ್ಟರ್ನೇಟರ್ ಬಂದ ಮೇಲೆ ಅದೇ ದೀಪ ವಿದ್ಯುತ್ತಿನ ದಾರಿಯ ಒಂದು ಭಾಗವಾಗಿಬಿಡುತ್ತದೆ. ಆಲ್ಟರ್ನೇಟರ್‌ನೊಳಗೆ ತಿರುಗುವ ಭಾಗವಾದ ರೋಟರ್‌ನ ಸುರುಳಿಗೆ ಕಾಂತತ್ವ ಹುಟ್ಟಿಸುವ ಮೊದಲ ವಿದ್ಯುತ್ ಬರುವುದು ದೀಪದ ಮೂಲಕವೇ. 2.2 ವಾಟ್ ಬಲ್ಬ್ ಇದ್ದರೆ ಸುಮಾರು 0.18 ಆಂಪಿಯರ್ ಹರಿಯುತ್ತದೆ. ರೋಟರ್ ಪೂರ್ತಿ ಶಕ್ತಿಗೆ 3 ಆಂಪಿಯರ್‌ನಷ್ಟು ಎಳೆಯುತ್ತದೆ, ಆದರೆ ಶುರುವಿಗೆ ಈ ಸ್ವಲ್ಪ ಸಾಕು. ಎಂಜಿನ್ ತಿರುಗಿದೊಡನೆ ಒಳಗಿನ ಮೂರು ಸಣ್ಣ ಡಯೋಡ್‌ಗಳು ರೋಟರ್‌ಗೆ ತಾವೇ ವಿದ್ಯುತ್ ಕೊಡಲು ತೊಡಗುತ್ತವೆ. ಆಗ ಐಎನ್‌ಡಿ ತುದಿಯ ವೋಲ್ಟೇಜು ಬ್ಯಾಟರಿಯ ಮಟ್ಟಕ್ಕೆ ಏರುತ್ತದೆ. ದೀಪದ ಎರಡೂ ಕಡೆ ಒಂದೇ ವೋಲ್ಟೇಜು ಇರುವುದರಿಂದ ದೀಪ ಆರುತ್ತದೆ.

ನಿಮ್ಮದು 3000 ದಾಟಿದ ಮೇಲೆ ಏಳುತ್ತಿದೆ, ಅಂದರೆ ಚಾರ್ಜ್ ಮಾಡಲು ತೊಡಗುತ್ತಿದೆ ಎಂದರೆ, ರೋಟರ್‌ನ ಕಬ್ಬಿಣದಲ್ಲಿ ಉಳಿದಿರುವ ಅಲ್ಪ ಕಾಂತತ್ವದಿಂದ ಅದು ತಾನಾಗಿಯೇ ಏಳುತ್ತಿದೆ. ದೀಪದಿಂದ ಸಾಕಷ್ಟು ವಿದ್ಯುತ್ ಬರುತ್ತಿಲ್ಲ. ದೀಪ ಚೆನ್ನಾಗಿ ಹೊತ್ತುತ್ತಿದೆ ಎಂದೂ ನೀವೇ ಬರೆದಿದ್ದೀರಿ. ಎಲ್‌ಇಡಿಯಾದರೆ ತೀರ ಕಡಿಮೆ ವಿದ್ಯುತ್ತಿನಲ್ಲೇ ಚೆನ್ನಾಗಿ ಹೊತ್ತುತ್ತದೆ. ಅಲ್ಲಿಗೆ ನನಗೆ ಒಂದೇ ಅನುಮಾನ: ಆ ಜಾಗದಲ್ಲಿ ಎಲ್‌ಇಡಿ ಹಾಕಿದ್ದೀರಾ?

ಎರಡನೆಯದಕ್ಕೆ ಮಲ್ಟಿಮೀಟರ್ ಬೇಕು. ಆಲ್ಟರ್ನೇಟರ್ ಎದ್ದ ಮೇಲೆ ಹೆಡ್‌ಲೈಟ್ ಹಾಕಿ, ಎಂಜಿನ್ 2000 ಸುತ್ತಿನಲ್ಲಿರಲಿ. ಮೀಟರ್‌ನ ಒಂದು ಕಡ್ಡಿಯನ್ನು ಆಲ್ಟರ್ನೇಟರ್‌ನ ದಪ್ಪ ತುದಿಗೆ, ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್‌ಗೆ ಇಡಿ. ನಿಮ್ಮ ಕಾರಿನಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳು ಸೀಟಿನ ಹಿಂದೆ ಇರುವುದರಿಂದ ಉದ್ದದ ತಂತಿಯೊಂದನ್ನು ಮೀಟರ್‌ಗೆ ಜೋಡಿಸಿಕೊಳ್ಳಬೇಕಾಗುತ್ತದೆ. ಫ್ಯಾನ್ ಮತ್ತು ಬೆಲ್ಟ್‌ಗೆ ತಾಗದಂತೆ ಅದನ್ನು ಕಟ್ಟಿ. ಬಳಿಕ ಇದೇ ಅಳತೆಯನ್ನು ತುಂಡುತುಂಡಾಗಿ ತೆಗೆಯಿರಿ: ಆಲ್ಟರ್ನೇಟರ್‌ನಿಂದ ಕಂಟ್ರೋಲ್ ಬಾಕ್ಸ್‌ನ ಜೋಡಣೆಯವರೆಗೆ, ಜೋಡಣೆಯ ಈಚೆಯಿಂದ ಆಚೆಗೆ, ಅಲ್ಲಿಂದ ಬ್ಯಾಟರಿಯವರೆಗೆ. ಕೊನೆಗೆ ಆಲ್ಟರ್ನೇಟರ್‌ನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ. ಎಂಜಿನ್ ರಬ್ಬರ್ ಮೇಲೆ ಕುಳಿತಿರುತ್ತದೆ. ಅರ್ಥ್ ಪಟ್ಟಿ ಸಡಿಲವಿದ್ದರೆ ವಿದ್ಯುತ್ತು ಚೋಕ್ ಕೇಬಲ್ಲನ್ನೇ ದಾರಿ ಮಾಡಿಕೊಂಡು ಅದನ್ನು ಬಿಸಿ ಮಾಡುತ್ತದೆ.

ಒಂದು ಮಾತು ಮರೆಯಬೇಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರನ್ನು ಬಿಚ್ಚಿ ಪರೀಕ್ಷೆ ಮಾಡುವ ಹಳೆಯ ಪದ್ಧತಿ ಡೈನಮೋ ಕಾಲಕ್ಕೇ ಮುಗಿಯಿತು. ಆಲ್ಟರ್ನೇಟರ್‌ನ ಮೇಲೆ ಹಾಗೆ ಮಾಡಿದರೆ ವೋಲ್ಟೇಜು ಚಿಮ್ಮಿ ಡಯೋಡ್‌ಗಳು, ರೆಗ್ಯುಲೇಟರ್ ಸುಟ್ಟುಹೋಗಬಹುದು.

ಕೆಂಪುಗಾಡಿ:

ಎಲ್‌ಇಡಿ ಹಾಕಿದ್ದು ನಿಜ. ಹಗಲಲ್ಲಿ ದೀಪ ಕಾಣುವುದಿಲ್ಲವೆಂದು ಎರಡು ತಿಂಗಳ ಹಿಂದೆ ಬದಲಾಯಿಸಿದ್ದೆ. ಅದರಲ್ಲಿ ಇಷ್ಟೆಲ್ಲ ಅಡಗಿದೆ ಎಂದು ಊಹಿಸಿರಲಿಲ್ಲ.

ಅಳತೆಗಳು ಹೀಗಿವೆ. ಆಲ್ಟರ್ನೇಟರ್‌ನ ತುದಿಯಿಂದ ಅದರ ಮೈಗೆ 14.3 ವೋಲ್ಟ್. ಬ್ಯಾಟರಿಯಲ್ಲಿ 13.05. ಪಾಸಿಟಿವ್ ದಾರಿಯಲ್ಲಿ ಒಟ್ಟು 1.2 ವೋಲ್ಟ್ ಕಳೆದುಹೋಗುತ್ತಿದೆ: ಆಲ್ಟರ್ನೇಟರ್‌ನಿಂದ ಜೋಡಣೆಯವರೆಗೆ 0.25, ಜೋಡಣೆಯಲ್ಲಿಯೇ 0.75, ಅಲ್ಲಿಂದ ಬ್ಯಾಟರಿಗೆ 0.2. ಅರ್ಥ್ ಕಡೆ 0.05 ಮಾತ್ರ. ಜೋಡಣೆಗೆ ವೈರ್‌ಗಳನ್ನು ಒತ್ತಿ ಸೇರಿಸುವ ಒಂದು ಸಣ್ಣ ನೀಲಿ ಕ್ರಿಂಪ್ ಬಳಸಿದ್ದೆ. ಎಂಜಿನ್ ನಿಲ್ಲಿಸಿ ಮುಟ್ಟಿದರೆ ಬೆರಳು ಇಡಲಾಗಲಿಲ್ಲ. ನೀಲಿ ಪ್ಲಾಸ್ಟಿಕ್ ಒಂದು ಕಡೆ ಕಂದಾಗಿ ಕುಗ್ಗಿದೆ.

ತಾಮ್ರದತಂತಿ:

ಕಳ್ಳ ಸಿಕ್ಕಿದ. ಹೆಡ್‌ಲೈಟ್ ಮತ್ತು ಬ್ಯಾಟರಿಯ ಚಾರ್ಜ್ ಸೇರಿ 20 ಆಂಪಿಯರ್ ಎಂದಿಟ್ಟುಕೊಳ್ಳಿ. 0.75 ವೋಲ್ಟ್ ಬೀಳುವ ಆ ಕ್ರಿಂಪ್‌ನಲ್ಲಿ 15 ವಾಟ್ ಬಿಸಿ ಹುಟ್ಟುತ್ತಿದೆ. ಒಂದು ಚಿಕ್ಕ ಸೋಲ್ಡರಿಂಗ್ ಐರನ್ನನ್ನು ವೈರ್‌ಗಳ ಕಟ್ಟಿನೊಳಗೆ ಇಟ್ಟು ಓಡಿಸಿದಂತೆ. ಇದನ್ನು ಸರಿಪಡಿಸುವವರೆಗೆ ರಾತ್ರಿ ಗಾಡಿ ತೆಗೆಯಬೇಡಿ.

ಕ್ರಿಂಪ್ ಬದಲಿಸಿದರೂ ಸಮಾಧಾನವಾಗದು. ಆ ದಪ್ಪ ಕಂದು-ಹಳದಿ ವೈರು 22 ಆಂಪಿಯರ್ ಡೈನಮೋಗೆಂದು ಹಾಕಿದ್ದು, ನಿಮ್ಮ 17ಎಸಿಆರ್ 36 ಆಂಪಿಯರ್ ಕೊಡಬಲ್ಲದು. ಆಲ್ಟರ್ನೇಟರ್‌ನಿಂದ ನೇರವಾಗಿ ಸ್ಟಾರ್ಟರ್ ಸೊಲೆನಾಯ್ಡ್‌ನಲ್ಲಿ (ಸ್ಟಾರ್ಟರ್ ಮೋಟರ್‌ಗೆ ವಿದ್ಯುತ್ ಕೊಡುವ ಸ್ವಿಚ್) ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟ್‌ಗೆ ಹೊಸ ವೈರ್ ಎಳೆಯಿರಿ. 6 ಚದರ ಮಿಲಿಮೀಟರ್, ಅಂದರೆ 0.30 ಮಿಲಿಮೀಟರ್‌ನ 84 ಎಳೆಗಳ ವೈರು, 42 ಆಂಪಿಯರ್ ತಾಳುತ್ತದೆ. ಹಳೆಯ ದಪ್ಪ ಕಂದು-ಹಳದಿ ವೈರಿನ ಎರಡೂ ತುದಿಗಳನ್ನು ಬಿಡಿಸಿ, ಪ್ರತ್ಯೇಕವಾಗಿ ಇನ್ಸುಲೇಟ್ ಮಾಡಿ ಕಟ್ಟಿಬಿಡಿ. ಆದರೆ ಕಂಟ್ರೋಲ್ ಬಾಕ್ಸ್‌ನಲ್ಲಿ ಸೇರುವ ಕಂದು ವೈರ್‌ಗಳನ್ನು ಬೇರ್ಪಡಿಸಬೇಡಿ, ಇಗ್ನಿಷನ್‌ಗೂ ಲೈಟ್‌ಗಳಿಗೂ ವಿದ್ಯುತ್ ಹೋಗುವುದು ಅವುಗಳಿಂದಲೇ.

ದೀಪದ ಜಾಗಕ್ಕೆ ಮೂಲದ 2.2 ವಾಟ್ ಬಲ್ಬನ್ನೇ ಮರಳಿ ಹಾಕಿ. ಎಲ್‌ಇಡಿಯೇ ಬೇಕೆಂದರೆ ಅದಕ್ಕೆ ಸಮಾಂತರವಾಗಿ 68 ಓಮ್, 5 ವಾಟ್‌ನ ರೆಸಿಸ್ಟರ್ ಕೊಡಬಹುದು. ಆದರೆ ಕೀ ಹಾಕಿಟ್ಟಾಗ ಅದು 2 ವಾಟ್ ಬಿಸಿಯಾಗುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ಅಂಥದ್ದು ನನಗೆ ಒಪ್ಪಿಗೆಯಿಲ್ಲ. ಬಲ್ಬ್ ಒಳ್ಳೆಯದು.

ಗ್ಯಾರೇಜುಮೂಲೆ:

ನಡುವೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ಹೊಸ ವೈರ್‌ಗೆ ಸೊಲೆನಾಯ್ಡ್ ಹತ್ತಿರ ಫ್ಯೂಸ್ ಹಾಕುವುದು ಒಳ್ಳೆಯದಲ್ಲವೇ? ಆ ವೈರ್ ಎಲ್ಲಾದರೂ ಉಜ್ಜಿ ಮೈಗೆ ತಗುಲಿದರೆ ಬ್ಯಾಟರಿ ಪೂರ್ತಿ ಅದರಲ್ಲಿ ಖಾಲಿಯಾಗುತ್ತದೆ.

ಇನ್ನೊಂದು: ಕೆಂಪುಗಾಡಿ ಅವರೇ, ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ಬಗ್ಗೆ ಏನೂ ಬರೆದಿಲ್ಲ. ನಿಮ್ಮ ಕಾಲದ ಎಂಜಿಬಿಯಲ್ಲಿ ಸ್ಮಿತ್ಸ್‌ನ ಎಲೆಕ್ಟ್ರಾನಿಕ್ ಟ್ಯಾಕೋಮೀಟರ್ ಇರುತ್ತದೆ. ಅರ್ಥ್ ತಿರುಗಿಸಿದರೆ ಅದರ ಒಳಗಿನ ವೈರಿಂಗ್ ಬದಲಾಗಬೇಕು, ಹಿಂಬದಿಯ ಬಿಳಿ ವೈರಿನ ಕುಣಿಕೆಯೂ ತಿರುಗಬೇಕು. ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಸುಡುತ್ತದೆ. ಪಾಸಿಟಿವ್ ಅರ್ಥ್ ಕಾಲದ ರೇಡಿಯೋ ಇದ್ದರೆ ಅದನ್ನೂ ಕಳಚಿಡಿ. ಸ್ಟಾರ್ಟರ್ ಮೋಟರ್‌ಗೆ ತೊಂದರೆಯಿಲ್ಲ, ಅರ್ಥ್ ಯಾವುದಿದ್ದರೂ ಅದು ಒಂದೇ ದಿಕ್ಕಿಗೆ ತಿರುಗುತ್ತದೆ.

ತಾಮ್ರದತಂತಿ:

ಟ್ಯಾಕೋಮೀಟರ್ ನೆನಪಿಸಿದ್ದು ಬಹಳ ಒಳ್ಳೆಯದಾಯಿತು. ಫ್ಯೂಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಂಜಿನ್ ಓಡುವಾಗ ಅದು ಸುಟ್ಟರೆ ಆಲ್ಟರ್ನೇಟರ್‌ನ ಹೊರೆ ಥಟ್ಟನೆ ತಪ್ಪಿ, ಬ್ಯಾಟರಿ ಬಿಚ್ಚಿದಷ್ಟೇ ಅಪಾಯವಾಗುತ್ತದೆ. ಹಾಕುವುದಾದರೆ 36ಕ್ಕೆ ಅಂಟಿಕೊಂಡ ಫ್ಯೂಸ್ ಬೇಡ. 60 ಆಂಪಿಯರ್‌ನದು ಇರಲಿ, ನೇರ ಶಾರ್ಟ್ ಆದಾಗ ಮಾತ್ರ ಸುಡುವಂಥದ್ದು. ಅದಕ್ಕಿಂತ ಮುಖ್ಯವಾದದ್ದು ವೈರ್ ಹೋಗುವ ದಾರಿ. ತಗಡಿನ ಅಂಚು ದಾಟುವ ಕಡೆಯಲ್ಲೆಲ್ಲ ರಬ್ಬರ್ ಬಳೆ ಇರಲಿ, ಸೈಲೆನ್ಸರ್ ಪೈಪ್‌ನಿಂದ ದೂರವಿರಲಿ, ಎಂಜಿನ್ ಅಲುಗಾಡಲು ಸ್ವಲ್ಪ ಸಡಿಲು ಬಿಡಿ.

ಕೆಂಪುಗಾಡಿ:

ಕೆಲಸ ಮುಗಿಯಿತು. ಟ್ಯಾಕೋಮೀಟರ್‌ನ ವೈರನ್ನು ಅದೃಷ್ಟವಶಾತ್ ಬ್ಯಾಟರಿ ತಿರುಗಿಸುವ ಮೊದಲೇ ಬಿಚ್ಚಿಟ್ಟಿದ್ದೆ. ಮೇಲೆ 3000, 2000 ಎಂದು ಬರೆದದ್ದೆಲ್ಲ ಟ್ಯೂನಿಂಗ್‌ಗೆ ಬಳಸುವ ಕೈಮೀಟರ್‌ನ ಲೆಕ್ಕ. ಟ್ಯಾಕೋಮೀಟರ್ ಈಗ ಒಳಗಿನ ಬದಲಾವಣೆಗೆಂದು ಉಪಕರಣ ರಿಪೇರಿಯವರ ಬಳಿ ಇದೆ.

ಬ್ಯಾಟರಿಯ ಅರ್ಥ್ ಬಿಚ್ಚಿ, 6 ಚದರ ಮಿಲಿಮೀಟರ್ ವೈರ್ ಎಳೆದು, ತುದಿಗಳಿಗೆ ಅಳತೆಗೆ ಸರಿಯಾದ ತಾಮ್ರದ ಲಗ್ ಒತ್ತಿದೆ. ಸೊಲೆನಾಯ್ಡ್‌ನ ಬೋಲ್ಟ್‌ನ ಮೇಲಿದ್ದ ಹಸಿರು ಕಿಲುಬನ್ನು ತಿಕ್ಕಿ ಹೊಳೆಯುವಂತೆ ಮಾಡಿದೆ. ಹಳೆಯ ಜೋಡಣೆ ಬಿಚ್ಚಿದಾಗ ವೈರಿನ ಎಳೆಗಳಲ್ಲಿ ಮೂರರಲ್ಲಿ ಒಂದು ಪಾಲು ಕ್ರಿಂಪ್‌ನ ಹೊರಗೇ ಉಳಿದಿತ್ತು, ತಾಮ್ರ ಸುಟ್ಟು ಕಪ್ಪಾಗಿತ್ತು. 60 ಆಂಪಿಯರ್ ಫ್ಯೂಸನ್ನೂ ಹಾಕಿದೆ.

ಬಲ್ಬ್ ಮರಳಿ ಹಾಕಿ ಕೀ ತಿರುಗಿಸಿದೆ. ಎಂಜಿನ್ ಹಿಡಿದ ಕ್ಷಣಕ್ಕೇ ದೀಪ ಆರಿತು, ಆಕ್ಸಿಲರೇಟರ್ ಮುಟ್ಟಲೂ ಇಲ್ಲ. ಹೆಡ್‌ಲೈಟ್ ಹಾಕಿ 2000 ಸುತ್ತಿನಲ್ಲಿ ಬ್ಯಾಟರಿಯಲ್ಲಿ 14.1 ವೋಲ್ಟ್, ಪಾಸಿಟಿವ್ ದಾರಿಯಲ್ಲಿ ಬೀಳುವುದು 0.18. ಒಂದು ಗಂಟೆ ಓಡಿಸಿ ಬಂದು ಎಲ್ಲ ಜೋಡಣೆಗಳನ್ನೂ ಕೈಯಿಂದ ಮುಟ್ಟಿ ನೋಡಿದೆ. ಯಾವುದೂ ಬಿಸಿಯಿರಲಿಲ್ಲ.

ಒಂದು ಪ್ರಶ್ನೆ ಉಳಿಯಿತು. ಕತ್ತಲಲ್ಲಿ ಹೆಡ್‌ಲೈಟ್ ಮತ್ತು ಹೀಟರ್ ಫ್ಯಾನ್ ಎರಡೂ ಇದ್ದಾಗ ಕೆಂಪು ದೀಪ ತೀರ ಮಸುಕಾಗಿ ಮಿಣುಕುತ್ತದೆ. ಚಾರ್ಜ್ ಮಾತ್ರ ಸರಿಯಾಗಿದೆ.

ತಾಮ್ರದತಂತಿ:

ಆ ಮಿಣುಕು ಬರುವುದು ದೀಪದ ಇನ್ನೊಂದು ಕಡೆಯಿಂದ. ಐಎನ್‌ಡಿ ಕಡೆ 14 ವೋಲ್ಟ್ ಇದೆ, ಇಗ್ನಿಷನ್‌ನ ಬಿಳಿ ವೈರ್ ಕಡೆ ಅಷ್ಟು ಇಲ್ಲ. ಕೀ ಸ್ವಿಚ್‌ಗೆ ಬರುವ ಕಂದು ವೈರಿನಲ್ಲೋ, ಸ್ವಿಚ್‌ನ ಒಳಗೋ, ಫ್ಯೂಸ್ ಪೆಟ್ಟಿಗೆಯ ಹತ್ತಿರದ ಜೋಡಣೆಯಲ್ಲೋ ಕಿಲುಬು ಕುಳಿತಿದೆ. ಹಿಂದಿನ ಹಾಗೆಯೇ ಮೀಟರ್ ಹಿಡಿದು ತುಂಡುತುಂಡಾಗಿ ಅಳೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಎಲ್ಲಿ ಬೀಳುತ್ತದೋ ಅಲ್ಲಿ ಬಿಚ್ಚಿ ತಿಕ್ಕಿ. ಮೊದಲು ಫ್ಯೂಸ್ ಪೆಟ್ಟಿಗೆಯಿಂದ ಶುರು ಮಾಡಿ, ಆ ವಯಸ್ಸಿನ ಕಾರುಗಳಲ್ಲಿ ಅದರ ಹಿತ್ತಾಳೆ ಹಿಡಿಕೆಗಳೇ ಮೊದಲು ಮಂಕಾಗುತ್ತವೆ.